ಮಣಿಕಟ್ಟಿಗೆ ಎರಡು ಬಗೆಯ ಪಟ್ಟಿ: ಅಂಗಡಿಯದು ಮತ್ತು ಅಳತೆಗೆ ಮಾಡಿಸಿದ್ದು

ಔಷಧದಂಗಡಿಯಲ್ಲಿ ಸಿಗುವ ಸಿದ್ಧ ರಿಸ್ಟ್ ಬೆಲ್ಟನ್ನೂ ಕೈಯ ಅಳತೆಗೆ ಮಾಡಿಕೊಡುವ ಪ್ಲಾಸ್ಟಿಕ್ ಸ್ಪ್ಲಿಂಟನ್ನೂ ತಲಾ ಮೂರು ತಿಂಗಳು ಕಟ್ಟಿಕೊಂಡು ಮಲಗಿ ನೋಡಿದ್ದೇನೆ. ಎರಡನೆಯದು ಈಗಲೂ ನನ್ನ ದಿಂಬಿನ ಪಕ್ಕದಲ್ಲಿದೆ. ಮೊದಲನೆಯದಕ್ಕೆ ಕೊಟ್ಟ 900 ರೂಪಾಯಿ ಬಹುಮಟ್ಟಿಗೆ ದಂಡವಾಯಿತು.

ನನಗೆ ಸಿಸ್ಟಮಿಕ್ ಸ್ಕ್ಲೆರೋಸಿಸ್ ಇದೆ. ಚರ್ಮ ಬಿಗಿದುಕೊಳ್ಳುವ, ಚಳಿಗೆ ಬೆರಳು ಬೆಳ್ಳಗಾಗಿ ನೀಲಿಗಟ್ಟುವ ಈ ಕಾಯಿಲೆ ನರಗಳನ್ನೂ ಬಾಧಿಸಬಲ್ಲದು ಎಂದು ನನಗೆ ತಿಳಿದದ್ದು, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಗಣಿತ ಹೇಳಿಕೊಡುವಾಗ ಸೀಮೆಸುಣ್ಣ ಪದೇ ಪದೇ ಕೈಜಾರತೊಡಗಿದ ಮೇಲೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಕಿರುಬೆರಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಈ ಗುರುತು ಹಿಡಿದೇ ವೈದ್ಯರು, ಮಣಿಕಟ್ಟಿನ ಇಕ್ಕಟ್ಟು ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೊಂದಿಗೆ ಹಾದುಹೋಗುವ ಮೀಡಿಯನ್ ನರ ಅದುಮಿಹೋಗಿರಬೇಕೆಂದು ಹೇಳಿದರು. ಬಿ12 ಜೀವಸತ್ವ ಕಡಿಮೆಯಾದರೂ ಜೋಮು ಹಿಡಿಯುತ್ತದೆ, ಈ ಕಾಯಿಲೆಯಲ್ಲಿ ಕರುಳಿನ ಹೀರಿಕೆ ಕುಂದುವುದೂ ಉಂಟಾದ್ದರಿಂದ ಅದರ ರಕ್ತಪರೀಕ್ಷೆಯನ್ನೂ ಮಾಡಿಸಿದರು. ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಗೆ ಹೋದದ್ದು ಡಿಸೆಂಬರಿನ ಬೆಳಗ್ಗೆ. ತಣ್ಣಗಿರುವ ನರ ಸಂಕೇತವನ್ನು ನಿಧಾನವಾಗಿ ಒಯ್ಯುವುದರಿಂದ ಫಲಿತಾಂಶ ತಪ್ಪಾಗುತ್ತದೆಂದು ಅಲ್ಲಿಯವರು ನನ್ನ ಕೈಗಳನ್ನು ಬಿಸಿ ಟವೆಲಿನಲ್ಲಿ ಸುತ್ತಿ ಬೆಚ್ಚಗಾದ ಮೇಲೆಯೇ ಪರೀಕ್ಷೆ ಆರಂಭಿಸಿದರು. ಎರಡೂ ಕೈಗಳಲ್ಲಿ ತೊಂದರೆ ಇತ್ತು. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿಕೊಳ್ಳಿ ಎಂದರು.

ಸಿದ್ಧ ಬೆಲ್ಟಿನ ನಿಜವಾದ ತೊಡಕು ಕಂಡದ್ದು ಎರಡನೆಯ ಕೈಗೆ ಕಟ್ಟುವಾಗ. ಎಡಗೈಗೆ ಬಲಗೈಯಿಂದ ಹೇಗೋ ಸುತ್ತಿಕೊಳ್ಳುತ್ತಿದ್ದೆ. ಆಮೇಲೆ ಬಲಗೈಗೆ ಕಟ್ಟಬೇಕಾದದ್ದು ಆಗಲೇ ಬಿಗಿದುಕೊಂಡಿರುವ ಎಡಗೈಯಿಂದ. ವೆಲ್ಕ್ರೋ ಪಟ್ಟಿಯ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿ ಹಿಡಿದು ಎಳೆಯಬೇಕು. ನನ್ನಲ್ಲಿ ಸ್ಪರ್ಶ ಕಳೆದುಕೊಂಡಿರುವುದು ಅವೇ ಬೆರಳುಗಳು, ಅವುಗಳ ತುದಿಯಲ್ಲಿ ಹುಣ್ಣೂ ಇತ್ತು. ಹಿಡಿತ ಸಿಕ್ಕಿದೆಯೋ ಇಲ್ಲವೋ ಎಂಬುದು ಕಣ್ಣಿಟ್ಟು ನೋಡದೆ ಗೊತ್ತಾಗುತ್ತಿರಲಿಲ್ಲ. ಜಾರಿದ ಪಟ್ಟಿ ಹೊದ್ದಿದ್ದ ಶಾಲಿಗೆ ಅಂಟಿಕೊಳ್ಳುತ್ತಿತ್ತು, ಬಿಡಿಸುವಾಗ ಉಣ್ಣೆಯ ಎಳೆಗಳು ಕಿತ್ತುಬರುತ್ತಿದ್ದವು. ಮನೆಯವರು ರೇಷ್ಮೆಗೂಡು ತೆಗೆದುಕೊಂಡು ಬೆಳಗಿನ ಜಾವವೇ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡಬೇಕಾದ ದಿನಗಳಲ್ಲಿ ಎಂಟು ಗಂಟೆಗೇ ಮಲಗಿಬಿಡುತ್ತಾರೆ. ಉತ್ತರಪತ್ರಿಕೆ ತಿದ್ದಿ ಹತ್ತಕ್ಕೆ ಮಲಗುವ ನಾನು ಒಂದು ಪಟ್ಟಿ ಕಟ್ಟಿಸಿಕೊಳ್ಳಲು ಅವರನ್ನು ಎಬ್ಬಿಸಲಾರೆ.

ಇದರ ಜೊತೆಗೆ ಬೆಲ್ಟಿನೊಳಗಿನ ಲೋಹದ ಪಟ್ಟಿ ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ ಹಿಡಿಯುವಂತಿತ್ತು. ಸುರಂಗದ ಒಳಒತ್ತಡ ಅತಿ ಕಡಿಮೆಯಿರುವುದು ಕೈ ಹೆಚ್ಚುಕಡಿಮೆ ನೇರವಾಗಿದ್ದಾಗ. ಹಾಗಾಗಿ ಬೆಲ್ಟ್ ಕಟ್ಟಿಕೊಂಡೂ ನನಗೆ ಜೋಮು ಬಿಡಲಿಲ್ಲ.

ಸ್ಪ್ಲಿಂಟಿಗಾಗಿ ಬೆಂಗಳೂರಿಗೆ ಮೂರು ಸಲ ಬಸ್ಸು ಹತ್ತಬೇಕಾಯಿತು, ಜೋಡಿಗೆ 4,600 ರೂಪಾಯಿ ಆಯಿತು. ಆಕ್ಯುಪೇಷನಲ್ ಥೆರಪಿಸ್ಟ್ ಬಿಸಿನೀರಿನಲ್ಲಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾದ ಹಾಳೆಯನ್ನು ಒರೆಸಿ, ತನ್ನ ಕೈಗೆ ತಾಗಿಸಿ ಬಿಸಿ ನೋಡಿಕೊಂಡು, ನನ್ನ ಮಣಿಕಟ್ಟನ್ನು ನೇರವಾಗಿಟ್ಟು ಅದರ ಮೇಲೆ ಒತ್ತಿದರು. ವೆಲ್ಕ್ರೋ ತೊಂದರೆ ಹೇಳಿದಾಗ ಆಕೆ ಪ್ರತಿ ಪಟ್ಟಿಯ ತುದಿಗೂ ಲಾಡಿಯ ಒಂದು ಕುಣಿಕೆ ಹೊಲಿದುಕೊಟ್ಟರು. ಕುಣಿಕೆಗೆ ಸ್ಪರ್ಶವಿರುವ ಕಿರುಬೆರಳನ್ನು ತೂರಿಸಿ ಎಳೆದರೆ ಸಾಕು, ಎರಡನೆಯ ಕೈಗೂ ನಾನೇ ಕಟ್ಟಿಕೊಳ್ಳುತ್ತೇನೆ. ಎರಡು ವಾರದೊಳಗೆ ರಾತ್ರಿ ಎಚ್ಚರವಾಗುವುದು ನಿಂತಿತು.

ಸಿದ್ಧ ಬೆಲ್ಟಿಗೂ ಕುಣಿಕೆ ಹೊಲಿಸಬಹುದು, ಬಲ್ಲವರ ಕೈಯಲ್ಲಿ ಲೋಹದ ಪಟ್ಟಿಯನ್ನು ನೇರ ಮಾಡಿಸಲೂಬಹುದು. ಖರ್ಚಿಗೆ ಕೈ ಬಿಗಿಯಿರುವವರು ಮೊದಲು ಅದನ್ನೇ ಮಾಡಿಸಲಿ. ಒಂದೇ ಕೈಗೆ ತೊಂದರೆಯಿದ್ದಿದ್ದರೆ ನಾನೂ ಅಷ್ಟಕ್ಕೇ ನಿಲ್ಲುತ್ತಿದ್ದೆ.

ಬೇಸಿಗೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆವರು ಹೆಚ್ಚು. ಬಿಸಿನೀರಿನಲ್ಲಿ ತೊಳೆದರೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಅದರ ಆಕಾರ ಕೆಡುತ್ತದೆ.

ಯಾವುದನ್ನೇ ಕಟ್ಟಿದರೂ ಬೆಳಗ್ಗೆ ಬಿಚ್ಚಿದೊಡನೆ ಚರ್ಮದ ಮೇಲೆ ಕೆಂಪು ಗುರುತು ಬಿದ್ದಿದೆಯೇ ಎಂದು ಕಣ್ಣಿಂದಲೇ ನೋಡಬೇಕು, ಏಕೆಂದರೆ ಮರಗಟ್ಟಿದ ಕೈಗೆ ಒತ್ತಿದ್ದು ತಿಳಿಯುವುದಿಲ್ಲ, ರಕ್ತ ಸರಿಯಾಗಿ ಹರಿಯದ ಚರ್ಮದಲ್ಲಿ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಇಳಿಯತೊಡಗಿದರೆ ಪಟ್ಟಿಯನ್ನು ನಂಬಿ ಕೂರದೆ ಬನ್ನಿ, ಶಸ್ತ್ರಚಿಕಿತ್ಸೆಯ ಮಾತಾಡೋಣ ಎಂದು ವೈದ್ಯರು ಹೇಳಿದ್ದಾರೆ. ಸಂಬಳದ ದಿನ ಎರಡೂ ಅಂಗೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅದೊಂದನ್ನು ನೋಡಿಕೊಳ್ಳುತ್ತೇನೆ.