ಆಡನ್ನು ಕೊಂದದ್ದು ಚಿರತೆಯಲ್ಲ, ನೆರೆಮನೆಯ ನಾಯಿ: ಗೋವಾದಲ್ಲಿ ಜಾನುವಾರು ಸಾಕುವ ಕನ್ನಡಿಗರಿಗೆ ಒಂದು ಎಚ್ಚರಿಕೆ

ಗೋವಾದ ಸತ್ತರಿ ತಾಲೂಕಿನ ಹಳ್ಳಿಗಳಲ್ಲಿ ಆಡೊಂದು ಸತ್ತು ಬಿದ್ದರೆ ಎಲ್ಲರ ಬಾಯಿಗೂ ಮೊದಲು ಬರುವುದು ಚಿರತೆಯ ಹೆಸರು. ಮಹದಾಯಿ ಅಭಯಾರಣ್ಯದ ಅಂಚಿನಲ್ಲಿರುವ ಊರುಗಳಲ್ಲಿ ಅದು ಸಹಜವೂ ಹೌದು. ಆದರೆ ನಮ್ಮ ಆಡುಗಳನ್ನು ಕೊಂದದ್ದು ನೆರೆಮನೆಯವರು ಸಾಕಿದ ರಾಟ್‌ವೈಲರ್ ನಾಯಿ. ಚಿರತೆಯ ಹೆಸರು ಹೇಳಿ ಆ ಸಂಗತಿಯನ್ನು ಅಲ್ಲಿಗೇ ಮುಗಿಸಿಬಿಡುವ ಪ್ರಯತ್ನ ನಡೆಯಿತು. ಖಾನಾಪುರ, ಬೆಳಗಾವಿ, ಗದಗ ಕಡೆಯಿಂದ ಬಂದು ಇಲ್ಲಿ ಆಡು, ಕೋಳಿ, ಎಮ್ಮೆ ಕಟ್ಟಿಕೊಂಡು ಬದುಕುತ್ತಿರುವ ನಮ್ಮವರಲ್ಲಿ ಯಾರಿಗೂ ಇಂಥದ್ದು ಆಗದಿರಲಿ, ಆದರೂ ಮೊದಲ ದಿನವೇ ಏನು ಮಾಡಬೇಕೆಂಬುದು ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತು. ಮನೆಯ ಹಿಂದಿನ ಗೇರುತೋಪಿನ ಇಳಿಜಾರಿನಲ್ಲಿ ನಮ್ಮ ಉಸ್ಮಾನಾಬಾದಿ ಆಡುಗಳು ಮೇಯುತ್ತಿದ್ದವು. ಅರಚುವ ಸದ್ದು ಕೇಳಿ ಮೇಯಿಸುವ ಹುಡುಗ ಓಡಿ ಹೋಗುವಷ್ಟರಲ್ಲಿ ಗಬ್ಬದ ಆಡೊಂದು ಸತ್ತಿತ್ತು, ಇನ್ನೊಂದು ಹಿಂಗಾಲು ಎಳೆಯುತ್ತಾ ಪೊದೆಯ ಪಕ್ಕ ನಿಂತಿತ್ತು. ನೆರೆಯವರ ಚಿರೇಕಲ್ಲಿನ ಪಾಗಾರ (ಕಾಂಪೌಂಡ್ ಗೋಡೆ) ಒಂದು ಕಡೆ ಕುಸಿದಿತ್ತು. ಆ ಕಂಡಿಯ ಮೂಲಕ ನಾಯಿ ಒಳಗೆ ನುಸುಳಿದ್ದನ್ನು ಹುಡುಗ ಕಣ್ಣಾರೆ ಕಂಡಿದ್ದ. ನಾನು ಹೋಗಿ ಕೇಳಿದಾಗ ನೆರೆಯವರು, ನಾಯಿಯನ್ನು ಬೆಳಿಗ್ಗೆಯಿಂದಲೂ ಕಟ್ಟಿಹಾಕಿದೆ, ಇದು ಚಿರತೆಯದೇ ಕೆಲಸ, ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರೆ ಪರಿಹಾರ ಸಿಗುತ್ತದೆ, ಬೇಕಿದ್ದರೆ ತಾವೇ ಸಾಕ್ಷಿ ಹೇಳುವುದಾಗಿ ತುಂಬ ಸೌಜನ್ಯದಿಂದಲೇ ನುಡಿದರು.

ಈ ಸೌಜನ್ಯದ ಬಗ್ಗೆಯೇ ಎಚ್ಚರವಿರಬೇಕು. ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಸಾಕುನಾಯಿ ಕೊಂದದ್ದಕ್ಕೆ ಕೊಡುವುದಿಲ್ಲ. ಚಿರತೆ ಕೊಂದಿತೆಂದು ಒಮ್ಮೆ ಸಹಿ ಮಾಡಿ ಕೊಟ್ಟರೆ ಅದು ಸುಳ್ಳು ಅರ್ಜಿಯಾಗುತ್ತದೆ. ಅಷ್ಟೇ ಅಲ್ಲ, ನಾಯಿ ಮತ್ತೊಮ್ಮೆ ನುಗ್ಗಿದ ದಿನ ನಿಮ್ಮದೇ ಕಾಗದವನ್ನು ನಿಮ್ಮೆದುರು ಹಿಡಿಯುತ್ತಾರೆ. ನಾವು ಅರಣ್ಯ ರಕ್ಷಕರನ್ನು ಕರೆಸಿದ್ದು ಪರಿಹಾರ ಕೇಳುವುದಕ್ಕಲ್ಲ, ನೋಡಿ ಹೇಳುವುದಕ್ಕೆ. ಅವರು ಕಳೇಬರದ ಪಕ್ಕ ಕುಳಿತು ತೋರಿಸಿದ ಗುರುತುಗಳು ಆಡು ಸಾಕುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಚಿರತೆ ಸಾಮಾನ್ಯವಾಗಿ ಗಂಟಲನ್ನೋ ಕತ್ತಿನ ಹಿಂಭಾಗವನ್ನೋ ಹಿಡಿದು ಕೊಲ್ಲುತ್ತದೆ. ಅಲ್ಲಿ ಕೋರೆಹಲ್ಲಿನ ಆಳವಾದ ತೂತುಗಳು ಕಾಣುತ್ತವೆ, ಬೇಟೆಯನ್ನು ಮರೆಗೆ ಎಳೆದೊಯ್ದು ತಿನ್ನುತ್ತದೆ. ನಾಯಿ ಬೆನ್ನಟ್ಟಿ ತೊಡೆ, ಪಕ್ಕೆ, ಕಿವಿ, ಕೆಚ್ಚಲು ಎಂದು ಸಿಕ್ಕ ಸಿಕ್ಕಲ್ಲಿ ಕಚ್ಚಿ ಎಳೆದಾಡುತ್ತದೆ, ಅನೇಕ ಬಾರಿ ಒಂದು ತುತ್ತೂ ತಿನ್ನದೆ ಬಿಟ್ಟು ಹೋಗುತ್ತದೆ. ನೆಲದ ಮೇಲೆ ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿರುತ್ತದೆ; ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದರ ಹೆಜ್ಜೆಯಲ್ಲಿ ಸಾಧಾರಣವಾಗಿ ಅದು ಕಾಣುವುದಿಲ್ಲ. ಕಂಡಿಯ ಬಳಿಯ ಹಸಿ ಕೆಮ್ಮಣ್ಣಿನಲ್ಲಿ ಉಗುರಿನ ಗುರುತು ಸ್ಪಷ್ಟವಾಗಿತ್ತು. ಅದರ ಪಕ್ಕದಲ್ಲಿ ಬೆಂಕಿಪೊಟ್ಟಣವೊಂದನ್ನು ಇಟ್ಟು ನನ್ನ ಹೆಂಡತಿ ಫೋಟೊ ತೆಗೆದಳು. ಗದಗ ಕಡೆಯ ನಮ್ಮ ಹುಡುಗ ಅಂತೂ ಮೊದಲೇ ಹೇಳಿದ್ದ: “ಚಿರತಿ ಅಲ್ಲರಿ ಸರ, ನಾಯೀನ. ನಾ ಕಣ್ಣಿಲೆ ನೋಡೇನಿ.”

ಕೆಳಗಿನ ಕೇರಿಯಲ್ಲಿರುವ ಇನ್ನೊಂದು ಕನ್ನಡದ ಮನೆಯವರ ಕೋಳಿಗಳನ್ನೂ ಒಂದು ಮರಿಯನ್ನೂ ಇದೇ ನಾಯಿ ಅದಕ್ಕೂ ಮುಂಚೆ ಕೊಂದಿತ್ತಂತೆ. ವಾಸನೆ ಬರುತ್ತದೆಂದು ಅಂದೇ ಹೂತುಬಿಟ್ಟರು. ಅವರ ಬಳಿ ಫೋಟೊ ಇರಲಿಲ್ಲ, ವೈದ್ಯರ ಚೀಟಿ ಇರಲಿಲ್ಲ. ಹಾಗಾಗಿ ಪಂಚಾಯತಿಯಲ್ಲಿ ಅವರ ಮಾತಿಗೆ ಯಾವ ತೂಕವೂ ಬರಲಿಲ್ಲ. ಆದ್ದರಿಂದ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಕಳೇಬರವನ್ನು ಮುಟ್ಟಬೇಡಿ. ಪ್ರಾಣಿಯ ಅಂದಾಜು ತೂಕ, ವಯಸ್ಸು, ಗಬ್ಬವಾಗಿದ್ದರೆ ಆ ವಿವರ ಮತ್ತು ಬೆಲೆಯನ್ನು ವರದಿಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ವಿಮೆ ಮಾಡಿಸಿದ್ದರೆ ಕಿವಿಯಲ್ಲಿರುವ 12 ಅಂಕಿಗಳ ಹಳದಿ ಬಿಲ್ಲೆ ಬಹಳ ಮುಖ್ಯ, ಏಕೆಂದರೆ ಸತ್ತದ್ದು ನಿಮ್ಮದೇ ಪ್ರಾಣಿ ಎಂಬುದಕ್ಕೆ ವಿಮೆಯವರು ನೋಡುವ ಗುರುತು ಅದು. ನಮ್ಮ ಆಡಿನ ಕಿವಿಯನ್ನು ನಾಯಿ ಹರಿದು ಹಾಕಿದ್ದರಿಂದ ಬಿಲ್ಲೆ ಅಲ್ಲಿರಲಿಲ್ಲ. ಹುಲ್ಲಿನಲ್ಲಿ ಹುಡುಕಿದ ಮೇಲೆ ಸಿಕ್ಕಿತು. ಅದರ ಅಂಚಿನಲ್ಲಿ ಹಲ್ಲು ನಾಟಿದ ಎರಡು ಕುಳಿಗಳಿದ್ದವು. ಆ ಬಿಲ್ಲೆಯನ್ನು ನಾವು ಈಗಲೂ ತೆಗೆದಿಟ್ಟಿದ್ದೇವೆ.

ಗಾಯಗೊಂಡು ಉಳಿದ ಪ್ರಾಣಿಯ ವಿಷಯದಲ್ಲಿ ಮೋಸ ಹೋಗಬೇಡಿ. ಹೊರಗೆ ಕಾಣುವುದು ನಾಲ್ಕಾರು ಸಣ್ಣ ತೂತುಗಳು ಮಾತ್ರ. ವೈದ್ಯರು ಕೂದಲು ಕತ್ತರಿಸಿ ನೋಡಿದಾಗ ಚರ್ಮದ ಅಡಿಯಲ್ಲಿ ಮಾಂಸ ಅಂಗೈ ಅಗಲಕ್ಕೆ ಜಜ್ಜಿ ಕಪ್ಪಾಗಿತ್ತು. ಇಂಥ ಆಳದ ಗಾಯವನ್ನು ಮೇಲಿನಿಂದ ಹೊಲಿದು ಮುಚ್ಚಿದರೆ ಒಳಗೆ ಕೀವು ತುಂಬುತ್ತದೆ. ಬಿಟ್ಟರೆ ಮಳೆಗಾಲದಲ್ಲಿ ನೊಣ ಕೂತು ಹುಳು ಬೀಳುತ್ತದೆ. ದಿನವೂ ತೊಳೆದು ಔಷಧ ಹಾಕುವುದು, ಧನುರ್ವಾಯುವಿನ ಚುಚ್ಚುಮದ್ದು ಮತ್ತು ವೈದ್ಯರು ಹೇಳಿದ ತಾರೀಖುಗಳಿಗೆ ತಪ್ಪದೆ ರೇಬಿಸ್ ಲಸಿಕೆ, ಇವಿಷ್ಟೂ ಬೇಕು. ರೇಬಿಸ್ ನಿಯಂತ್ರಣದಲ್ಲಿ ಗೋವಾ ದೇಶಕ್ಕೇ ಮುಂದಿದೆ ನಿಜ, ಆದರೆ ಆ ಧೈರ್ಯದ ಮೇಲೆ ಲಸಿಕೆ ಬಿಡುವುದು ಸರಿಯಲ್ಲ. ಕಚ್ಚಿದ ನಾಯಿಗೆ ಲಸಿಕೆ ಹಾಕಿಸಿದ ಪ್ರಮಾಣಪತ್ರವನ್ನು ಮಾಲೀಕರಿಂದ ಕೇಳಿ ನೋಡಿ, ನಾಯಿಯನ್ನು 10 ದಿನ ಕಟ್ಟಿ ನಿಗಾದಲ್ಲಿ ಇಡುವಂತೆಯೂ ಹೇಳಿ.

ಇನ್ನು ದೂರು. ಪಂಚಾಯತಿಯಲ್ಲಿ ಕರೆದು ಬುದ್ಧಿ ಹೇಳುತ್ತೇವೆ ಎಂದರು. ನಾವು ಬರಹದಲ್ಲೇ ದೂರು ಕೊಟ್ಟು, ನಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ (ದೂರು ಸ್ವೀಕರಿಸಿದ್ದಕ್ಕೆ ಕಚೇರಿ ಕೊಡುವ ಸಂಖ್ಯೆ) ಹಾಕಿಸಿಕೊಂಡೆವು. ಪೊಲೀಸ್ ಠಾಣೆಯಲ್ಲಿ, ಸತ್ತದ್ದು ಆಡು ತಾನೇ, ನಿಮ್ಮಲ್ಲೇ ಮಾತಾಡಿ ಬಗೆಹರಿಸಿಕೊಳ್ಳಿ ಎಂದರು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಸಾಕುಪ್ರಾಣಿಯನ್ನು ಹತೋಟಿಯಲ್ಲಿಡದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಆ ಕಲಂ ಹೇಳುವುದು ಮನುಷ್ಯನ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಹುದಾದ ಅಪಾಯದ ಬಗ್ಗೆ, ಜಾನುವಾರಿನ ಬಗ್ಗೆ ಅಲ್ಲ. ಹಾಗಾಗಿ ಆಡು ಸತ್ತಿತು ಎಂದಷ್ಟೇ ಬರೆದ ದೂರು ಅಲ್ಲೇ ಮಲಗುತ್ತದೆ. ಅದೇ ದಾರಿಯಲ್ಲಿ ಶಾಲೆಯ ಮಕ್ಕಳು ನಡೆಯುತ್ತಾರೆ, ಆಡಿನ ಜೊತೆಗೆ ಒಬ್ಬ ಹುಡುಗ ಇರುತ್ತಾನೆ, ಪಾಗಾರ ಕುಸಿದಿದೆ ಎಂಬುದನ್ನು ಸ್ಥಳ ಸಮೇತ ಬರೆಯಿರಿ. ಮಾಲೀಕರಿಗೂ ಒಂದು ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ. ಮುಂದೆ ಏನಾದರೂ ಆದಾಗ, ನಮ್ಮ ನಾಯಿ ಹಾಗೆ ಮಾಡುತ್ತದೆಂದು ಗೊತ್ತಿರಲಿಲ್ಲ ಎನ್ನಲು ಅವರಿಗೆ ಆಸ್ಪದ ಇರಬಾರದು. ಆ ತಳಿಯೇ ನಿಷಿದ್ಧವೋ ಅಲ್ಲವೋ ಎಂಬ ವಾದಕ್ಕೆ ಮಾತ್ರ ಇಳಿಯಬೇಡಿ. ಈ ಕಲಂ ತಳಿಯನ್ನು ಕೇಳುವುದಿಲ್ಲ.

ನಾವು ಹೆದರಿದ್ದಂತೆಯೇ ನಾಯಿ ಮತ್ತೆ ಬಂತು, ಕಂಡಿಗೆ ಅಡ್ಡ ಇಟ್ಟಿದ್ದ ತಗಡನ್ನು ತಳ್ಳಿಕೊಂಡು. ಈ ಸಲ ಇನ್ನೊಂದು ಆಡು ಸತ್ತಿತು, ಬಿಡಿಸಲು ಕೈಹಾಕಿದ ಹುಡುಗನ ಮುಂಗೈಗೆ ಹಲ್ಲು ನಾಟಿ ರಕ್ತ ಬಂತು. ದಯವಿಟ್ಟು ಯಾರೂ ಕೈಹಾಕಬೇಡಿ. ಹಲಗೆ, ಗೋಣಿಚೀಲ, ಕೊಡದ ನೀರು, ಏನಾದರೂ ನಡುವೆ ಬರಲಿ, ಕೈ ಬೇಡ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ಅಂದು ಸಂಜೆ ಅಂಗಳದಲ್ಲಿ ಸೇರಿದವರಲ್ಲಿ ಒಬ್ಬರು ಮಾಂಸದಲ್ಲಿ ವಿಷವಿಟ್ಟರೆ ಎಲ್ಲ ಮುಗಿಯುತ್ತದೆ ಎಂದರು. ಇದೇ ತಾಲೂಕಿನ ಗೋಳಾವಳಿಯಲ್ಲಿ 2020ರ ಜನವರಿಯಲ್ಲಿ ಒಂದು ಹೆಣ್ಣು ಹುಲಿಯೂ ಅದರ ಮೂರು ಮರಿಗಳೂ ವಿಷದಿಂದ ಸತ್ತದ್ದನ್ನು ನಾವು ಮರೆಯುವುದಾದರೂ ಹೇಗೆ? ಇಟ್ಟ ವಿಷವನ್ನು ಯಾವ ಪ್ರಾಣಿ ತಿನ್ನುತ್ತದೆಂದು ಯಾರೂ ಹೇಳಲಾರರು. ನಾಯಿಗೆ ವಿಷವಿಡುವುದು ಅಪರಾಧವೂ ಹೌದು. ಅಲ್ಲದೆ ಕಟ್ಟದೆ ಬಿಟ್ಟದ್ದು ಮನುಷ್ಯರು, ನಾಯಿಯಲ್ಲ.

ವಿಷದ ಬದಲು ನಾವು ಹಿಡಿದದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನ ದಾರಿ. ಅಪಾಯಕಾರಿ ಪ್ರಾಣಿಯನ್ನು ಕಟ್ಟಿಡಬೇಕು ಅಥವಾ ಬೇರೆ ವ್ಯವಸ್ಥೆ ಮಾಡಬೇಕು ಎಂದು ಆದೇಶಿಸುವ ಅಧಿಕಾರ ಅದರಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ, ಅದಕ್ಕೆ ಮನುಷ್ಯರಿಗೆ ಗಾಯವಾಗುವವರೆಗೆ ಕಾಯಬೇಕಾಗಿಲ್ಲ. ಎರಡು ಮರಣೋತ್ತರ ವರದಿ, ಫೋಟೊ, ಇನ್‌ವರ್ಡ್ ಇರುವ ಪ್ರತಿಗಳು, ಹುಡುಗನ ಆಸ್ಪತ್ರೆಯ ಚೀಟಿ ಇವೆಲ್ಲವನ್ನೂ ಜೋಡಿಸಿ ಅರ್ಜಿ ಕೊಟ್ಟೆವು. ನೋಟಿಸು ತಲುಪಿದ ಮೇಲೆ ಪಾಗಾರ ರಿಪೇರಿಯಾಯಿತು, ನಾಯಿಗೆ ಜಾಲರಿಯ ಗೂಡು ಬಂತು, ಆಡುಗಳ ಬೆಲೆ ಕೊಡಲು ನೆರೆಯವರು ಒಪ್ಪಿದರು.

ಹಣದ ಜೊತೆಗೆ ಒಂದು ರಸೀದಿಯನ್ನೂ ಅವರು ಮರಾಠಿಯಲ್ಲಿ ಬರೆಸಿ ತಂದಿದ್ದರು. ಹಣ ಮುಟ್ಟಿತು ಎಂಬ ಸಾಲಿನ ಕೆಳಗೆ, ಈ ನಾಯಿಯ ಬಗ್ಗೆ ಮುಂದೆಂದೂ ಯಾವುದೇ ದೂರು ಕೊಡುವುದಿಲ್ಲ ಎಂಬ ಇನ್ನೊಂದು ಸಾಲಿತ್ತು. ಆ ಸಾಲನ್ನು ಹೊಡೆದು ಹಾಕಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿದ ಮೇಲೆಯೇ ನಾವು ಹಣ ತೆಗೆದುಕೊಂಡೆವು. ನಿಮ್ಮ ಮುಂದೆಯೂ ಅಂಥ ಕಾಗದ ಬಂದರೆ, ಭಾಷೆ ಬರುವ ಒಬ್ಬರಿಂದ ಕೊನೆಯ ಸಾಲಿನವರೆಗೆ ಓದಿಸಿ ಕೇಳಿದ ಮೇಲೆ ಸಹಿ ಹಾಕಿ.