ಆನೆಗೆ ಪೂರ್ತಿ ಅಂಕ, ವಿಸರ್ಗಕ್ಕೆ ಸೊನ್ನೆ: ಬಿದ್ರಿ ಫಲಕದಲ್ಲಿ ಸೇನಾ ಲಾಂಛನ

ಬೀದರ್‌ನಲ್ಲಿ ವಾಯುನೆಲೆಯೂ ಇದೆ, ಕಪ್ಪು ಎರಕದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸವೂ ಇದೆ. ಹೀಗಾಗಿ ವರ್ಗವಾದವರಿಗೆ, ನಿವೃತ್ತರಾದವರಿಗೆ ಅವರ ದಳದ ಲಾಂಛನ ಕೂರಿಸಿದ ಬಿದ್ರಿ ಫಲಕ ಕೊಡುವುದು ಇಲ್ಲಿ ಸಹಜ. ಚೌಬಾರಾ ಹತ್ತಿರದ ಒಂದು ಅಂಗಡಿ ಮಾಡಿಕೊಟ್ಟ ಮೂರು ಫಲಕಗಳ ವಿಮರ್ಶೆ ಇದು. ಮೂರೂ ಎಂಟು ಇಂಚಿನ ದುಂಡು ತಟ್ಟೆಗಳು: ಮದ್ರಾಸ್ ರೆಜಿಮೆಂಟ್, ಮರಾಠಾ ಲೈಟ್ ಇನ್‌ಫೆಂಟ್ರಿ, ವಾಯುಸೇನೆ.

ಮೂರರಲ್ಲಿ ಕಣ್ಣು ನಿಲ್ಲುವುದು ಮದ್ರಾಸ್ ರೆಜಿಮೆಂಟಿನ ಆನೆಯ ಮೇಲೆ. ಇದು 1803ರ ಅಸ್ಸಾಯೆ ಕದನದ ನೆನಪಿನ ಆನೆ. ಗುರಾಣಿ ಮತ್ತು ಅಡ್ಡ ಕತ್ತಿಗಳ ಜೊತೆ ನಿಂತಿದೆ. ಆ ಕದನದಲ್ಲಿ ಎದುರಿಗಿದ್ದದ್ದು ಮರಾಠಾ ಸೈನ್ಯ. ಈಗ ಮದ್ರಾಸ್, ಮರಾಠಾ ಎರಡೂ ಹೆಸರಿನ ರೆಜಿಮೆಂಟುಗಳ ಫಲಕ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ! ಆನೆಯ ಮೈಗೆ ಬೆಳ್ಳಿ ತಗಡು ಕೂರಿಸಿದ್ದಾರೆ, ಅಂದರೆ ತೆಹ್ನಿಶಾನ್. ಕತ್ತಿಗಳಿಗೆ ತಂತಿ, ಅಂದರೆ ತಾರಕಶಿ. ಈ ಆಯ್ಕೆ ಸರಿಯಾಗಿದೆ. ಅಗಲ ತಗಡಿನಲ್ಲಿ ಬರುವ ದೋಷವೆಂದರೆ ಅಂಚು ಏಳುವುದು: ತೋಡಿದ ಗುಂಡಿಯ ಅಂಚನ್ನು ಒಳಮುಖವಾಗಿ ಕೊರೆಯದಿದ್ದರೆ ತಗಡಿಗೆ ಹಿಡಿತ ಸಿಗುವುದಿಲ್ಲ. ಇದನ್ನು ನೋಡಲು ಉಗುರನ್ನು ಅಂಚಿನುದ್ದಕ್ಕೂ ಎಳೆಯಿರಿ, ಎಲ್ಲೂ ತಡೆಯಬಾರದು. ನಡುವೆ ಬೆರಳಿಂದ ತಟ್ಟಿದರೆ ಪೊಳ್ಳು ಸದ್ದು ಬರಬಾರದು. ಈ ಆನೆ ಎರಡರಲ್ಲೂ ಪಾಸು.

ಮರಾಠಾ ಲೈಟ್ ಇನ್‌ಫೆಂಟ್ರಿಯ ಫಲಕದಲ್ಲಿ ಕಹಳೆಯದೇ ಮುಖ್ಯ ಪಾತ್ರ. ಚದುರಿ ಹೋರಾಡುವ ಹಗುರ ಪದಾತಿಗೆ ಆಜ್ಞೆ ಮುಟ್ಟುತ್ತಿದ್ದದ್ದು ನಗಾರಿಯಿಂದಲ್ಲ, ಕಹಳೆಯಿಂದ. ಅದಕ್ಕೇ ಆ ಗುರುತು. ಇಲ್ಲಿ ಕಹಳೆಯ ಸುತ್ತು ಚೆನ್ನಾಗಿ ಬಂದಿದೆ, ಆದರೆ ಕತ್ತಿಯ ಹಿಡಿಗಳು ದಪ್ಪವಾಗಿ ಸೌಟಿನಂತೆ ಕಾಣುತ್ತವೆ. ಆ ರೆಜಿಮೆಂಟಿನ ಟೋಪಿಯ ತುರಾಯಿಯ ಬಣ್ಣವನ್ನು ಬಿದ್ರಿಯಲ್ಲಿ ತರಲು ಸಾಧ್ಯವಿಲ್ಲ, ಕೇಳಲೂಬೇಡಿ.

ಬಿದ್ರಿಗೆ ಇರುವುದು ಎರಡೇ ಬಣ್ಣ. ಎರಕದಲ್ಲಿ ಸತು ಬಹುಪಾಲು, ತಾಮ್ರ ಅಲ್ಪ, ಸುಮಾರು 16ಕ್ಕೆ 1. ಕೊನೆಯಲ್ಲಿ ತಟ್ಟೆಯನ್ನು ಬಿಸಿ ಮಾಡಿ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಉಜ್ಜಿದಾಗ ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಹಾಗಾಗಿ ಆಕಾರದಲ್ಲಿ ಅರ್ಥ ಹೊತ್ತ ಲಾಂಛನ ಬಿದ್ರಿಯಲ್ಲಿ ಗೆಲ್ಲುತ್ತದೆ, ಬಣ್ಣ ನಂಬಿದ್ದು ಸೋಲುತ್ತದೆ. ವಾಯುಸೇನೆಯ ವಿಮಾನಗಳ ಮೇಲಿನ ಕೇಸರಿ, ಬಿಳಿ, ಹಸಿರು ವೃತ್ತ ಮಾಡಿಸಿದರೆ ಸಿಗುವುದು ಕೇರಂ ಬೋರ್ಡಿನ ನಡುವಿನ ಉಂಗುರ, ಅಷ್ಟೇ.

ವಾಯುಸೇನೆಯ ಲಾಂಛನದಲ್ಲಿ ಈ ಅಂಗಡಿ ಎಡವಿದ್ದೂ ಇಲ್ಲೇ. ಮೂಲದಲ್ಲಿ ಮೇಲೆ ಅಶೋಕ ಸಿಂಹ, ಅದರಡಿ ‘ಸತ್ಯಮೇವ ಜಯತೇ’, ತಿಳಿನೀಲಿ ಬಳೆಯೊಳಗೆ ರೆಕ್ಕೆ ಬಿಚ್ಚಿದ ಹಿಮಾಲಯದ ಹದ್ದು, ಬಳೆಯ ಮೇಲೆ ಸೇನೆಯ ಹೆಸರು, ಕೆಳಗೆ ಗೀತೆಯ 11ನೇ ಅಧ್ಯಾಯದ ‘ನಭಃಸ್ಪೃಶಂ ದೀಪ್ತಮ್’. ಇವರು ಬಳೆಗೆ ಎರಡು ತಂತಿ ಎಳೆದು ಬಿಟ್ಟಿದ್ದಾರೆ, ಊಟದ ತಟ್ಟೆಯ ಅಂಚಿನಂತಿದೆ. ಅಫ್ತಾಬಿ ಮಾಡಬೇಕಿತ್ತು: ಬಳೆಗೆ ಪೂರ್ತಿ ಬೆಳ್ಳಿ ತುಂಬಿ ಅಕ್ಷರವನ್ನು ಕಪ್ಪಾಗಿ ಬಿಡುವುದು. ನೀಲಿ ಬರದಿದ್ದರೂ ಅದು ಬೇರೆ ಬಣ್ಣದ ಪಟ್ಟಿ ಎಂಬುದಾದರೂ ಗೊತ್ತಾಗುತ್ತಿತ್ತು.

ಇನ್ನು ದೇವನಾಗರಿ ಅಕ್ಷರ. ‘ಸ್ಪೃ’ ಒತ್ತಿನಲ್ಲಿ ತಂತಿಗಳು ಒಂದಕ್ಕೊಂದು ಅಂಟಿ ಬೆಳ್ಳಿಯ ಮುದ್ದೆಯಾಗಿದೆ. ‘ನಭಃ’ದ ವಿಸರ್ಗದಲ್ಲಿ ಒಂದು ಚುಕ್ಕೆ ಮಾತ್ರ ಉಳಿದಿದೆ, ಇನ್ನೊಂದು ಅರ ಹಾಕುವಾಗ ಹಾರಿಹೋಗಿದೆ. ಉದ್ದ ತಂತಿಗೆ ಗೀರಿನುದ್ದಕ್ಕೂ ಹಿಡಿತವಿರುತ್ತದೆ, ಚುಕ್ಕೆಗೆ ಇರುವುದಿಲ್ಲ. ಚುಕ್ಕೆಗೆ ಆಳವಾದ ರಂಧ್ರ ಕೊರೆದು ದಪ್ಪ ತಂತಿಯ ತುಂಡು ಬಡಿದು ಆಮೇಲೆ ಸಮ ಮಾಡಬೇಕು. ಅಕ್ಷರದ ಎತ್ತರ 5 ಮಿಲಿಮೀಟರಿಗಿಂತ ಕಡಿಮೆ ಬೇಡ. ಜಾಗ ಸಾಲದಿದ್ದರೆ ಹತ್ತು ಇಂಚಿನ ತಟ್ಟೆ ತೆಗೆದುಕೊಳ್ಳಿ.

ಮಾಡಿಸುವವರು ಅಂಗಡಿಗೆ ಎರಡು ಸಲ ಹೋಗಬೇಕು. ಎರಕದ ತಟ್ಟೆಯನ್ನು ನಯ ಮಾಡಿ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಕಾಣಲೆಂದು. ಉಳಿ ಇಳಿಯುವ ಮೊದಲು ಆಗಲೇ ಪರೀಕ್ಷಿಸಿ. ನಕ್ಷೆಯ ಹಾಳೆ ತಿರುಗುಮುರುಗಾಗಿ ಅಂಟಿದ್ದರೆ ಅಕ್ಷರ ತಕ್ಷಣ ಹೇಳುತ್ತದೆ, ಆನೆ ಹೇಳುವುದಿಲ್ಲ. ಅದರ ಮುಖ ಮೂಲದಲ್ಲಿರುವ ಕಡೆಗೇ ಇದೆಯೇ ಎಂದು ಬ್ಯಾಡ್ಜ್ ಪಕ್ಕಕ್ಕಿಟ್ಟು ನೋಡಿ. ವಾಟ್ಸ್‌ಆ್ಯಪ್ ಚಿತ್ರ ಸಾಲದು, ಘಟಕದಿಂದಲೇ ನಕ್ಷೆ ತನ್ನಿ. ಅಶೋಕ ಸಿಂಹದ ಬಳಕೆಗೆ 2005ರ ರಾಷ್ಟ್ರಲಾಂಛನ ಕಾಯ್ದೆಯ ಕಟ್ಟುಪಾಡಿದೆ, ಆದ್ದರಿಂದ ಘಟಕದ ಪತ್ರವೂ ಜೊತೆಗಿರಲಿ. ಈ ಅಂಗಡಿ ಪತ್ರ ಕೇಳಲಿಲ್ಲ, ಕೇಳಬೇಕಿತ್ತು.

ಬಿಲ್ಲಿನಲ್ಲಿ ಬೆಳ್ಳಿಯ ತೂಕ ಮತ್ತು ಕೂಲಿಯನ್ನು ಬೇರೆಬೇರೆ ಬರೆಸಿಕೊಳ್ಳಿ, ಏಕೆಂದರೆ ತಗಡಿನ ಆನೆ ತಂತಿಯ ಹದ್ದಿಗಿಂತ ಹೆಚ್ಚು ಬೆಳ್ಳಿ ತಿನ್ನುತ್ತದೆ. ಮನೆಗೆ ತಂದ ಮೇಲೆ ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಪಾಲಿಶ್ ಮುಟ್ಟಿಸಬೇಡಿ, ಕಪ್ಪು ಕಿತ್ತು ಬೂದಿಬಣ್ಣವಾಗುತ್ತದೆ. ಮಾಸಿದರೆ ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆಯ ಬಟ್ಟೆ ಸಾಕು. ಗೋಡೆಗೆ ತೂಗಿಸುವುದಾದರೆ ಮೊಳೆ ಗಟ್ಟಿಯಿರಲಿ: ಈ ಎರಕ ಬಿದ್ದರೆ ತಗ್ಗಾಗುವುದಿಲ್ಲ, ಒಡೆಯುತ್ತದೆ.

ಆನೆಗೆ ಐದಕ್ಕೆ ಐದು, ಕಹಳೆಗೆ ಮೂರೂವರೆ, ಹದ್ದಿಗೆ ಎರಡು. ವಿಸರ್ಗದ ಚುಕ್ಕೆಯನ್ನು ಕೂಲಿಯಿಲ್ಲದೆ ಮತ್ತೆ ಕೂರಿಸಿಕೊಡಲು ಅಂಗಡಿಯವರು ಒಪ್ಪಿದ್ದಾರೆ.