ಏಣಿ ಯಾರು ತರುತ್ತಾರೆ? ಇಮೇಲ್ ಲಿಸ್ಟ್, ಸೋಷಿಯಲ್ ಮೀಡಿಯಾ ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಮರ ಕಡಿಯೋದನ್ನು ತಡೆಯಲು ಹುಟ್ಟಿದ ಚಿಕ್ಕ ಗುಂಪು ನಮ್ಮದು. 2005ರಲ್ಲಿ ಇಮೇಲ್ ಲಿಸ್ಟ್ (ಒಂದು ವಿಳಾಸಕ್ಕೆ ಬರೆದರೆ ಸದಸ್ಯರೆಲ್ಲರಿಗೂ ಹೋಗೋ ವ್ಯವಸ್ಥೆ) ಮಾಡಿಕೊಂಡೆವು, 2013ರಲ್ಲಿ ಸೋಷಿಯಲ್ ಮೀಡಿಯಾಕ್ಕೆ ಹೋದೆವು. ಎರಡಕ್ಕೂ ನಾನೇ ಅಡ್ಮಿನ್. ಹಾಗಾಗಿ ಎರಡೂ ಕಡೆ ಬೈಸಿಕೊಂಡಿದ್ದೇನೆ.

ಲಿಸ್ಟ್ ಶುರು ಮಾಡಿದಾಗ ಅದು ಹಳೇ ಕಾಲದ್ದು ಅಂತ ಯಾರಿಗೂ ಅನಿಸಿರಲಿಲ್ಲ. ಫೇಸ್‌ಬುಕ್ ಎಲ್ಲರಿಗೂ ಸಿಕ್ಕಿದ್ದೇ 2006ರ ಸೆಪ್ಟೆಂಬರ್‌ನಲ್ಲಿ. 2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಅಂತ ಒಂದೇ ದಿನ ನೂರಾರು ನಗರಗಳಲ್ಲಿ ಜನ ಬೀದಿಗಿಳಿದಿದ್ದರಲ್ಲ, ಆ ಸುದ್ದಿ ಹಬ್ಬಿಸಿದ್ದರಲ್ಲಿ ಇಮೇಲ್ ಲಿಸ್ಟ್‌ಗಳ ಪಾಲು ದೊಡ್ಡದು.

ಬಳಸೋಕೆ ಸುಖವಾಗಿತ್ತಾ? ಇಲ್ಲ. 'ನನ್ನ ಹೆಸರು ತೆಗೆಯಿರಿ' ಅಂತ ಒಬ್ಬರು ಎಲ್ಲರಿಗೂ ಬರೆಯೋರು. 'ಎಲ್ಲರಿಗೂ ಕಳಿಸಬೇಡಿ' ಅಂತ ಇನ್ನೊಬ್ಬರು, ಅದನ್ನೂ ಎಲ್ಲರಿಗೂ! ಬ್ಯಾನರ್‌ನಲ್ಲಿ 'ಬೇಡಿಕೆ' ಅನ್ನಬೇಕೋ 'ಒತ್ತಾಯ' ಅನ್ನಬೇಕೋ ಅಂತ ಒಂದು ವಾರ ಜಗಳ ನಡೆದಿತ್ತು. ರಾತ್ರಿ ಹನ್ನೊಂದಕ್ಕೆ ಕೂತು, ತಡೆದಿಟ್ಟ ಮೇಲ್‌ಗಳಲ್ಲಿ ಸ್ಪ್ಯಾಮ್ ಯಾವುದು, ನಮ್ಮವರದ್ದು ಯಾವುದು ಅಂತ ಆರಿಸೋದು ನನ್ನ ಕೆಲಸ.

ಆದರೆ 'ಬ್ಯಾನರ್ ಕಟ್ಟೋಕೆ ಏಣಿ ಯಾರು ತರ್ತೀರಿ?' ಅಂತ ಕೇಳಿದರೆ ಉತ್ತರ ಬರುತ್ತಿತ್ತು. 'ನಾನು ತರ್ತೀನಿ, ಎಂಟು ಅಡಿದು ಸಾಕಾ?' ಅಂತ. ಮೂರು ವರ್ಷದ ಹಿಂದೆ ಏನು ತೀರ್ಮಾನ ಆಗಿತ್ತು ಅನ್ನೋದೂ ಹಳೆ ಮೇಲ್‌ಗಳಲ್ಲಿ ಎರಡೇ ನಿಮಿಷದಲ್ಲಿ ಸಿಗುತ್ತಿತ್ತು.

ಸೋಷಿಯಲ್ ಮೀಡಿಯಾಕ್ಕೆ ಹೋದ ಮೊದಲ ವರ್ಷ ಹಬ್ಬ. ಕಡಿಯೋಕೆ ಅಂತ ಬುಡಕ್ಕೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದ ಮರದ ಫೋಟೋ ಒಂದನ್ನು ಹಾಕಿದೆ, ಅಷ್ಟೇ. ಮರುದಿನ ಬೆಳಗ್ಗೆ ನಾವು ಮುಖವನ್ನೇ ನೋಡಿರದ ಜನ ಅಲ್ಲಿ ನಿಂತಿದ್ದರು. ಲಿಸ್ಟ್‌ನಲ್ಲಿ ಎಂಟು ವರ್ಷ ಕೂಗಿದರೂ ಹೀಗೆ ಆಗಿರಲಿಲ್ಲ. ಇದನ್ನು ಒಪ್ಪದೆ ಬರೀ ಹಳೇದನ್ನೇ ಹೊಗಳಿದರೆ ಸುಳ್ಳಾಗುತ್ತದೆ.

ಆಮೇಲೆ ಶುರುವಾಯಿತು ನೋಡಿ. ಭಾನುವಾರದ ಸಭೆಯ ಪೋಸ್ಟ್ ಕೆಲವರಿಗೆ ಮಂಗಳವಾರ ಕಾಣುತ್ತಿತ್ತು. ಏಣಿ ಕೇಳಿದರೆ ನಲವತ್ತು ಲೈಕ್ ಬಂತು, ಏಣಿ ಬರಲಿಲ್ಲ. ಒಂದು ದಿನ ಯಾರೋ ದೂರು ಕೊಟ್ಟರು ಅಂತ ನನ್ನ ಅಕೌಂಟೇ ಬಂದ್. ಯಾಕೆ ಅಂತ ಕೇಳೋಕೆ ಒಬ್ಬ ಮನುಷ್ಯನೂ ಸಿಗಲಿಲ್ಲ. ಸಾವಿರ ಚಿಲ್ಲರೆ ಸದಸ್ಯರು, ಒಬ್ಬರ ವಿಳಾಸವೂ ನನ್ನ ಕೈಯಲ್ಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಈಜಿಪ್ಟ್‌ನಲ್ಲಿ 2011ರ ಜನವರಿ 25ರ ಪ್ರತಿಭಟನೆಗೆ ಕರೆ ಕೊಟ್ಟ 'ನಾವೆಲ್ಲ ಖಾಲಿದ್ ಸಯೀದ್' (ಪೊಲೀಸರ ಹೊಡೆತಕ್ಕೆ ಸತ್ತ ಯುವಕನ ಹೆಸರು) ಪೇಜನ್ನೇ ಅದಕ್ಕೂ ಮುಂಚೆ, 2010ರ ನವೆಂಬರ್‌ನಲ್ಲಿ, ಫೇಸ್‌ಬುಕ್ ತೆಗೆದುಹಾಕಿತ್ತು. ಅಡ್ಮಿನ್ ನಿಜವಾದ ಹೆಸರು ಬಳಸಿಲ್ಲ ಅನ್ನೋದು ಕಾರಣ. ಬೇರೊಬ್ಬರು ತಮ್ಮ ಸ್ವಂತ ಹೆಸರಲ್ಲಿ ಅಡ್ಮಿನ್ ಆದ ಮೇಲೇ ಪೇಜ್ ವಾಪಸ್ ಬಂದಿದ್ದು. ಅಲ್ಲಿ ನಿಜ ಹೆಸರು ಹಾಕೋದು ಅಂದರೆ ಪೊಲೀಸರ ಕೈಗೆ ತಾನಾಗಿ ಹೋದ ಹಾಗೆ, ಅಲ್ವಾ?

ಹಾಗಂತ ಲಿಸ್ಟ್ ಅಂದ ಕೂಡಲೇ ಭದ್ರ ಅಂತಲ್ಲ. ಬೇರೆಯವರ ಪುಕ್ಕಟೆ ಜಾಗದಲ್ಲಿ ಇಟ್ಟರೆ ಅದೂ ಬಾಡಿಗೆ ಮನೆಯೇ. ಅಂಥ ಲಿಸ್ಟ್‌ಗಳಿಗೆ ಪುಕ್ಕಟೆ ಜಾಗ ಕೊಡುತ್ತಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಬಾಗಿಲು ಮುಚ್ಚಿತು. ಹಳೆ ಮಾತುಕತೆಗಳನ್ನು ಅದಕ್ಕೂ ಸುಮಾರು ಒಂದು ವರ್ಷ ಮೊದಲೇ ಅಳಿಸೋಕೆ ಶುರು ಮಾಡಿತ್ತು. ನಮ್ಮ ವಿಳಾಸಗಳು ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ, ಪೆನ್ ಡ್ರೈವ್‌ನಲ್ಲಿ ಇದ್ದವು. ಅಕೌಂಟ್ ಬಂದ್ ಆದ ರಾತ್ರಿ ಕೈ ಹಿಡಿದಿದ್ದೂ ಅದೇ.

ವಾಟ್ಸ್‌ಆ್ಯಪ್ ಬಗ್ಗೆ ಜಾಸ್ತಿ ಬರೆಯಲ್ಲ. ಪ್ರತಿಭಟನೆಯ ದಿನ ಅದರಷ್ಟು ಒಳ್ಳೇದು ಬೇರೆ ಇಲ್ಲ, ಮರುದಿನ ಅದರಲ್ಲಿ ಏನೂ ಹುಡುಕೋಕೆ ಆಗಲ್ಲ.

ಈಗ ಕರೆ ಕೊಡೋದು ಸೋಷಿಯಲ್ ಮೀಡಿಯಾದಲ್ಲಿ. ಬಂದವರ ಮುಂದೆ ಒಂದು ನೋಟ್‌ಬುಕ್ ಹಿಡಿದು ಇಮೇಲ್ ಬರೆಸಿಕೊಳ್ಳುತ್ತೇವೆ. ಹುಡುಗರು ನಗುತ್ತಾರೆ, ಆದರೂ ಬರೆಯುತ್ತಾರೆ. ಜನ ಸೇರಿಸೋಕೆ ಸೋಷಿಯಲ್ ಮೀಡಿಯಾಕ್ಕೆ ಐದು ಸ್ಟಾರ್, ಕೆಲಸ ಮಾಡಿಸೋಕೆ ಎರಡು. ಲಿಸ್ಟ್‌ಗೆ ಇವೆರಡನ್ನೂ ತಿರುಗಿಸಿ ಓದಿಕೊಳ್ಳಿ. ಏಣಿ ಬೇಕಾದಾಗ ನಾನು ಈಗಲೂ ಲಿಸ್ಟ್‌ಗೇ ಬರೆಯೋದು.